ಹನ್ನೆರಡು ದಿನದಲ್ಲಿ ಜರ್ಮನಿಯ ಒಂಬತ್ತು ಝೂ ನೋಡೋಕೆ ಆಗುತ್ತಾ?

ಪ್ರಶ್ನೆ: ನಮ್ಮ ಮಗಳಿಗೆ ಒಂಬತ್ತು ವರ್ಷ, ಪ್ರಾಣಿಗಳೆಂದರೆ ಪ್ರಾಣ. ಏಪ್ರಿಲ್ 24ರಿಂದ ಮೇ 5ರವರೆಗೆ ನಾನು, ನನ್ನ ಗಂಡ, ಅತ್ತೆ ಮತ್ತು ಮಗಳು ಜರ್ಮನಿಗೆ ಹೋಗಬೇಕು ಅಂತಿದ್ದೇವೆ. ಹ್ಯಾಂಬರ್ಗ್, ಬರ್ಲಿನ್ನಿನ ಎರಡು, ಲೈಪ್‌ಜಿಗ್, ಡ್ಯೂಸ್‌ಬರ್ಗ್, ಕಲೋನ್, ಫ್ರಾಂಕ್‌ಫರ್ಟ್, ಸ್ಟುಟ್‌ಗಾರ್ಟ್, ಮ್ಯೂನಿಕ್, ಹೀಗೆ ಒಂಬತ್ತು ಝೂಗಳ ಪಟ್ಟಿ ಮಾಡಿದ್ದೇನೆ. ಅಲ್ಲಿ ರೈಲು ಟೈಮಿಗೆ ಸರಿಯಾಗಿ ಬರುತ್ತದೆ, ದಿನಕ್ಕೊಂದು ಝೂ ಆರಾಮಾಗಿ ಆಗುತ್ತದೆ, 63 ಯೂರೋ ಪಾಸಿನಲ್ಲಿ ದೇಶವೆಲ್ಲ ಸುತ್ತಬಹುದು ಅಂತ ಪರಿಚಯದವರು ಹೇಳಿದರು. ನಿಜವಾ? ಅತ್ತೆಗೆ 68, ಮೊಣಕಾಲು ನೋವಿದೆ. ಮಗಳಿಗೆ ಪಾಂಡಾ, ಗೊರಿಲ್ಲಾ, ಕೋಲಾ, ರಕೂನ್ ಈ ನಾಲ್ಕನ್ನು ನೋಡಲೇಬೇಕಂತೆ. ಇದರ ಮಧ್ಯೆ ನನ್ನ ತಮ್ಮ, "ಝೂ ಅಂದ್ರೆ ಪ್ರಾಣಿಗಳ ಜೈಲು. ಮಗುಗೆ ಅದನ್ನ ತೋರಿಸೋಕೆ ಅಷ್ಟು ದುಡ್ಡು ಸುರೀತೀಯಾ ಅಕ್ಕ?" ಅಂತ ಕೇಳಿದ. ಅವತ್ತಿಂದ ನನಗೂ ಮನಸ್ಸು ತೂಗಾಡುತ್ತಿದೆ. ಏನು ಮಾಡಲಿ?

ಉತ್ತರ: ಪ್ರಾಣಿ, ಪಕ್ಷಿ ನೋಡಲೆಂದೇ ಹೊರದೇಶಕ್ಕೆ ಹೋಗುವ ಕುಟುಂಬಗಳಿಗೆ ಪ್ರವಾಸದ ಯೋಜನೆ ಮಾಡಿಕೊಡುವುದು ನನ್ನ ಕೆಲಸ. ನಿಮ್ಮಂಥ ಉದ್ದದ ಪಟ್ಟಿ ನನ್ನ ಕೈಗೆ ಆಗಾಗ ಬರುತ್ತದೆ. ಅದರ ಹಿಂದಿರುವ ಭಯ ನನಗೆ ಅರ್ಥವಾಗುತ್ತದೆ. ಇಷ್ಟು ದೂರ, ಇಷ್ಟು ಖರ್ಚು ಮಾಡಿ ಹೋಗಿ ಒಂದೊಳ್ಳೆ ಝೂ ತಪ್ಪಿಹೋದರೆ ಎಂಬ ಭಯ ಅದು. ನಿಮ್ಮ ತಮ್ಮ ಎತ್ತಿರುವುದು ಬೇರೆಯದೇ ಪ್ರಶ್ನೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಅದಕ್ಕೂ ಬರುತ್ತೇನೆ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಒಂಬತ್ತು ಬೇಡ. ನಾಲ್ಕು ನೋಡಿ. ತುಂಬ ಆಸೆಯಿದ್ದರೆ ಐದು. ಪ್ರತಿ ಝೂಗೂ "ಇದು ಬೇರೆಲ್ಲೂ ಸಿಗದು" ಅನ್ನುವಂಥ ಒಂದು ಕಾರಣ ನಿಮ್ಮ ಪಟ್ಟಿಯಲ್ಲಿ ಇರಬೇಕು. ಕಾರಣ ಬರೆಯಲಾಗದ ಝೂ ಪಟ್ಟಿಯಿಂದ ಹೊರಗೆ.

ದಿನಕ್ಕೊಂದು ಝೂ ಅನ್ನುವ ಲೆಕ್ಕ ಎಲ್ಲಿ ತಪ್ಪುತ್ತದೆ ಅಂದರೆ, ಅದನ್ನು ನಕ್ಷೆ ನೋಡಿ ಹಾಕಿರುತ್ತಾರೆ, ಪ್ರಾಣಿಯ ದಿನಚರಿ ನೋಡಿ ಹಾಕಿರುವುದಿಲ್ಲ. ಬೆಳಿಗ್ಗೆ ರಾತ್ರಿಮನೆಯಿಂದ ಬಯಲಿಗೆ ಬಿಟ್ಟಾಗ ಹುಲಿ, ಚಿರತೆ, ಕರಡಿಗಳು ತಮ್ಮ ಜಾಗವನ್ನೆಲ್ಲ ಒಮ್ಮೆ ಸುತ್ತಿ ಮೂಸುತ್ತವೆ, ಅಲ್ಲಲ್ಲಿ ಬಚ್ಚಿಟ್ಟ ಆಹಾರ ಹುಡುಕುತ್ತವೆ. ಹನ್ನೊಂದರ ಹೊತ್ತಿಗೆ ಮಲಗಿಬಿಡುತ್ತವೆ. ಮತ್ತೆ ಏಳುವುದು ಮೂರು, ಮೂರೂವರೆಯ ಮೇಲೆ, ಒಳಗೆ ಊಟ ಸಿಗುವ ಹೊತ್ತು ಹತ್ತಿರ ಬಂದಾಗ. ಬೆಳಿಗ್ಗೆ ರೈಲು ಹಿಡಿದು, ಮಧ್ಯಾಹ್ನ ಹನ್ನೆರಡಕ್ಕೆ ಝೂ ಸೇರಿ, ನಾಲ್ಕಕ್ಕೆ ಮತ್ತೆ ಸ್ಟೇಷನ್ನಿಗೆ ಓಡುವವರು ನೋಡುವುದು ಮಲಗಿದ ಪ್ರಾಣಿಗಳನ್ನೇ. ಆಮೇಲೆ "ಅಲ್ಲಿ ಏನೂ ಕಾಣಲಿಲ್ಲ" ಅಂತ ಬೇಜಾರು. ಇನ್ನೊಂದು ವಿಷಯ, ಝೂ ಸಂಜೆ ಆರೂವರೆಗೆ ಮುಚ್ಚುತ್ತದೆ ಅಂತ ಬರೆದಿದ್ದರೂ ಒಳಗಿನ ಪ್ರಾಣಿಮನೆಗಳು ಅದಕ್ಕಿಂತ ಮೊದಲೇ ಮುಚ್ಚುವುದು ಸಾಮಾನ್ಯ. ಟಿಕೆಟ್ ಕೌಂಟರ್ ಕೂಡ ಹಾಗೇ.

ರೈಲು ಟೈಮಿಗೆ ಸರಿಯಾಗಿ ಬರುತ್ತದೆ ಅನ್ನುವುದು ಹಳೆಯ ಕಥೆ. 2024ರಲ್ಲಿ ಜರ್ಮನಿಯ ರೈಲು ಕಂಪನಿ ಡಾಯ್ಚ ಬಾನ್‌ನ ದೂರಪ್ರಯಾಣದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ನೂರಕ್ಕೆ 62.5 ಮಾತ್ರ. ಆರು ನಿಮಿಷದೊಳಗಿನ ತಡವನ್ನು ಅವರು ತಡ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೂ ಇಷ್ಟು. ಕಾರಣ ಬಹಳ ಕಾಲದಿಂದ ರಿಪೇರಿ ಕಾಣದ ಹಳಿಗಳು. ಈಗ ಒಂದೊಂದೇ ಮುಖ್ಯ ಮಾರ್ಗವನ್ನು ತಿಂಗಳುಗಟ್ಟಲೆ ಪೂರ್ತಿ ಮುಚ್ಚಿ ದುರಸ್ತಿ ಮಾಡುತ್ತಿದ್ದಾರೆ. ಹ್ಯಾಂಬರ್ಗ್-ಬರ್ಲಿನ್ ಮಾರ್ಗವನ್ನು 2025ರ ಆಗಸ್ಟ್‌ನಲ್ಲಿ ಹೀಗೆ ಮುಚ್ಚಿದರು. ಆದ್ದರಿಂದ ಊರಿಂದ ಊರಿಗೆ ಹೋಗುವ ದಿನ ಝೂ ಇಟ್ಟುಕೊಳ್ಳಲೇಬೇಡಿ. ಅದು ಬರೀ ಪ್ರಯಾಣದ ದಿನ.

ಇನ್ನು ಆ 63 ಯೂರೋ ಪಾಸು. ಅದರ ಹೆಸರು ಡಾಯ್ಚ್‌ಲಾಂಡ್‌ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಒಳ್ಳೆಯ ಪಾಸೇ. ಆದರೆ ಅದು ನಡೆಯುವುದು ಊರೊಳಗಿನ ಮೆಟ್ರೋ, ಟ್ರಾಮ್, ಬಸ್ ಮತ್ತು ಪ್ರಾದೇಶಿಕ ರೈಲುಗಳಲ್ಲಿ ಮಾತ್ರ. ವೇಗದ ಐಸಿಇ, ಐಸಿ ರೈಲುಗಳಲ್ಲಿ ನಡೆಯುವುದಿಲ್ಲ. ನಿಮ್ಮ ಎಂಟು ಊರಿನ ಸುತ್ತಾಟವನ್ನು ಪ್ರಾದೇಶಿಕ ರೈಲಿನಲ್ಲೇ ಮಾಡಲು ಹೋದರೆ ಅರ್ಧ ಪ್ರವಾಸ ರೈಲಿನಲ್ಲೇ ಕಳೆಯುತ್ತದೆ. ಅತ್ತೆಯವರ ಮೊಣಕಾಲಿನ ಜೊತೆ ಪ್ರತಿ ಎರಡು ಗಂಟೆಗೊಮ್ಮೆ ಸೂಟ್‌ಕೇಸ್ ಎಳೆದುಕೊಂಡು ಪ್ಲಾಟ್‌ಫಾರ್ಮ್ ಬದಲಾಯಿಸುವುದನ್ನು ಯೋಚಿಸಿ ನೋಡಿ.

ಯಾರೂ ನಿಮಗೆ ಹೇಳದ ವಿಷಯ ಇನ್ನೊಂದಿದೆ. ಆ ಪಾಸು ಲೆಕ್ಕವಾಗುವುದು ಕ್ಯಾಲೆಂಡರ್ ತಿಂಗಳಿಗೆ. ಏಪ್ರಿಲ್ 24ರಿಂದ ಮೇ 5ಕ್ಕೆ ಹೋದರೆ ಏಪ್ರಿಲ್ ಪಾಸೂ ಬೇಕು, ಮೇ ಪಾಸೂ ಬೇಕು. ಜೊತೆಗೆ ಅದು ಚಂದಾ, ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳಿನ ದುಡ್ಡೂ ಕಾರ್ಡಿನಿಂದ ಹೋಗುತ್ತದೆ. ಆರು ತುಂಬಿದ ಮಕ್ಕಳಿಗೂ ಬೇರೆ ಪಾಸು ಬೇಕು. ಆದರೆ ಐಸಿಇಯಲ್ಲಿ ಹಾಗಲ್ಲ, 6ರಿಂದ 14 ವರ್ಷದ ಮಕ್ಕಳು ದೊಡ್ಡವರ ಜೊತೆಗಿದ್ದರೆ ಉಚಿತ. ಟಿಕೆಟ್ ಬುಕ್ ಮಾಡುವಾಗಲೇ ಮಗಳನ್ನು ಸೇರಿಸಿಬಿಡಿ, ಆಮೇಲೆ ಸೇರಿಸೋಣ ಅಂದುಕೊಳ್ಳಬೇಡಿ.

ಈಗ ಮಗಳ ನಾಲ್ಕು ಪ್ರಾಣಿಗಳಿಗೆ ಬರೋಣ. ಯೋಜನೆ ಶುರುವಾಗಬೇಕಾದದ್ದು ಇಲ್ಲಿಂದಲೇ.

ಜರ್ಮನಿಯಲ್ಲಿ ಪಾಂಡಾ ಇರುವುದು ಬರ್ಲಿನ್ ಝೂನಲ್ಲಿ ಮಾತ್ರ. 2017ರಲ್ಲಿ ಚೀನಾದಿಂದ ಬಂದ ಮೆಂಗ್ ಮೆಂಗ್, ಜಿಯಾವ್ ಚಿಂಗ್ ಎಂಬ ಜೋಡಿ ಅಲ್ಲಿದೆ. 2019ರಲ್ಲಿ ಅವಕ್ಕೆ ಅವಳಿ ಮರಿಗಳಾದವು, ಒಪ್ಪಂದದಂತೆ ಆ ಮರಿಗಳು 2023ರ ಡಿಸೆಂಬರ್‌ನಲ್ಲಿ ಚೀನಾಕ್ಕೆ ಹೋದವು. 2024ರ ಆಗಸ್ಟ್‌ನಲ್ಲಿ ಇನ್ನೊಮ್ಮೆ ಅವಳಿ ಹುಟ್ಟಿದವು. ಬೆಳೆದ ಮೇಲೆ ಇವೂ ಹೋಗುತ್ತವೆ, ಹಾಗಾಗಿ ಮರಿಗಳನ್ನು ನೋಡಲೆಂದೇ ಹೊರಡುವವರು ಹೊರಡುವ ಮುಂಚೆ ಒಮ್ಮೆ ವಿಚಾರಿಸಿಕೊಳ್ಳಬೇಕು. ಪಾಂಡಾ ದಿನದ ಹೆಚ್ಚು ಹೊತ್ತು ಬಿದಿರು ತಿನ್ನುತ್ತದೆ, ಉಳಿದ ಹೊತ್ತು ನಿದ್ದೆ. ತಿಂದದ್ದರಲ್ಲಿ ಬಹುಪಾಲು ಜೀರ್ಣವಾಗದೆ ಹೊರಹೋಗುವುದರಿಂದ ಅದಕ್ಕೆ ಬೇರೆ ದಾರಿಯಿಲ್ಲ. ಹೋದಾಗ ಮಲಗಿದ್ದರೆ ಬೇಸರ ಬೇಡ. ಮುಂದೆ ಹೋಗಿ, ಎರಡು ಗಂಟೆ ಬಿಟ್ಟು ಮತ್ತೆ ಬನ್ನಿ.

ಗೊರಿಲ್ಲಾ ಹಲವು ಕಡೆ ಇದೆ. ಆದರೆ ನೋಡಬೇಕಾದದ್ದು ಲೈಪ್‌ಜಿಗ್‌ನಲ್ಲಿ. ಅಲ್ಲಿ 2001ರಲ್ಲಿ ತೆರೆದ ಪೊಂಗೋಲಾಂಡ್ ಅನ್ನುವ ಜಾಗದಲ್ಲಿ ಗೊರಿಲ್ಲಾ, ಚಿಂಪಾಂಜಿ, ಬೊನೊಬೊ, ಒರಾಂಗುಟಾನ್ ನಾಲ್ಕೂ ಇವೆ. ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಅಲ್ಲೇ ಅವುಗಳ ಬುದ್ಧಿ, ಕಲಿಕೆಯ ಬಗ್ಗೆ ಅಧ್ಯಯನ ಮಾಡುತ್ತಾರೆ. ಒಂದು ಚಿಂಪಾಂಜಿ ಇನ್ನೊಂದನ್ನು ನೋಡಿ ಹೇಗೆ ಕಲಿಯುತ್ತದೆ ಅನ್ನುವಂಥ ಪ್ರಶ್ನೆಗೆ ಅಲ್ಲಿ ಕೂತು ಉತ್ತರ ಹುಡುಕುತ್ತಾರೆ ಅಂತ ಗೊತ್ತಾದರೆ ಒಂಬತ್ತು ವರ್ಷದ ಮಗುವಿನ ಕಣ್ಣು ಅರಳದೇ ಇರುತ್ತದೆಯೇ? ಕೋಲಾ ನೋಡಲು ನೀವು ಡ್ಯೂಸ್‌ಬರ್ಗ್ ಹಾಕಿದ್ದೀರಿ ಅನಿಸುತ್ತದೆ. ಸರಿಯೇ, 1994ರಿಂದ ಅವರು ಕೋಲಾ ಸಾಕುತ್ತಿದ್ದಾರೆ. ಆದರೆ 2016ರಿಂದ ಲೈಪ್‌ಜಿಗ್‌ನಲ್ಲೂ ಕೋಲಾ ಮನೆ ಇದೆ. ಒಂದೇ ಪ್ರಾಣಿಗಾಗಿ ದೇಶದ ಇನ್ನೊಂದು ತುದಿಗೆ ಹೋಗುವುದು ಉಳಿಯಿತು, ಅಲ್ವಾ?

ರಕೂನ್ ವಿಷಯ ಸ್ವಲ್ಪ ವಿಚಿತ್ರವಾಗಿದೆ. ಅದು ಅಮೆರಿಕದ ಪ್ರಾಣಿ. 1934ರಲ್ಲಿ ಕಾಸೆಲ್ ಊರಿನ ಹತ್ತಿರ ಎಡರ್ ಕೆರೆಯ ಬಳಿ ಕೆಲವನ್ನು ಕಾಡಿಗೆ ಬಿಟ್ಟರು. ಈಗ ಜರ್ಮನಿಯ ತುಂಬ ಹರಡಿವೆ, ಬರ್ಲಿನ್ನಿನಲ್ಲಿ ಜನರ ಅಟ್ಟ ಹತ್ತುತ್ತವೆ, ಕಸದ ಡಬ್ಬಿ ಕೆದಕುತ್ತವೆ. ಅಲ್ಲಿನ ಹಕ್ಕಿಗಳ, ಕಪ್ಪೆಗಳ ಮೊಟ್ಟೆ ಮರಿ ತಿನ್ನುತ್ತವೆ ಅನ್ನುವ ಕಾರಣಕ್ಕೆ ಐರೋಪ್ಯ ಒಕ್ಕೂಟ 2016ರಲ್ಲಿ ಅದನ್ನು ಆಕ್ರಮಣಕಾರಿ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಝೂಗಳು ಇರುವ ರಕೂನ್‌ಗಳನ್ನು ಸಾಯುವವರೆಗೆ ಇಟ್ಟುಕೊಳ್ಳಬಹುದು, ಮರಿ ಮಾಡಿಸುವಂತಿಲ್ಲ. ಹಾಗಾಗಿ ಝೂಗಳಲ್ಲಿ ಅದು ಕಡಿಮೆಯಾಗುತ್ತಾ ಬಂದಿದೆ. ಮಗಳಿಗೆ ಈ ಕಥೆಯನ್ನೇ ಹೇಳಿ. ಯಾವ ಝೂನಲ್ಲಿ ಯಾವ ಪ್ರಾಣಿ ಇದೆ ಅಂತ ನೋಡಲು ಝೂಟೀರ್‌ಲಿಸ್ಟೆ ಅನ್ನುವ ಜರ್ಮನ್ ತಾಣವಿದೆ. ಹವ್ಯಾಸಿಗಳು ಸೇರಿ ನಡೆಸುವಂಥದ್ದು. ಅದನ್ನು ನೋಡಿ ಆಯಾ ಝೂಗೆ ಒಂದು ಮೇಲ್ ಹಾಕಿ ಖಚಿತ ಮಾಡಿಕೊಳ್ಳಿ, ಉತ್ತರ ಕೊಡುತ್ತಾರೆ.

ಇಷ್ಟಾದ ಮೇಲೆ ದಾರಿ ತಾನಾಗಿ ಕಾಣುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಬರ್ಲಿನ್, ಲೈಪ್‌ಜಿಗ್, ಮ್ಯೂನಿಕ್ ಈ ಮೂರೇ ಊರು ಹಿಡಿಯುತ್ತಿದ್ದೆ. ಬರ್ಲಿನ್ನಿನಲ್ಲಿ ನಾಲ್ಕೈದು ರಾತ್ರಿ, ಲೈಪ್‌ಜಿಗ್‌ನಲ್ಲಿ ಮೂರು, ಮ್ಯೂನಿಕ್‌ನಲ್ಲಿ ಮೂರು. ಬರ್ಲಿನ್‌ನಿಂದ ಲೈಪ್‌ಜಿಗ್‌ಗೆ ಐಸಿಇಯಲ್ಲಿ ಒಂದೂಕಾಲು ಗಂಟೆ, ಅಲ್ಲಿಂದ ಮ್ಯೂನಿಕ್‌ಗೆ ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ. ಸೂಟ್‌ಕೇಸ್ ಎತ್ತುವುದು ಎರಡೇ ಸಲ. ವಿಮಾನ ಬರ್ಲಿನ್‌ಗೆ ಇಳಿದು ಮ್ಯೂನಿಕ್‌ನಿಂದ ಹೊರಡುವಂತೆ ನೋಡಿಕೊಳ್ಳಿ.

ಬರ್ಲಿನ್ನಿನ ಎರಡೂ ಝೂ ನೋಡಿ ಅಂತಲೇ ಹೇಳುತ್ತೇನೆ. ಒಂದೇ ಊರಿನ ಎರಡು ಝೂ ಒಂದೇ ತರಹ ಇರುತ್ತವೆ ಅನ್ನುವುದು ಇಲ್ಲಿ ಸುಳ್ಳು. ಬರ್ಲಿನ್ ಝೂ 1844ರದ್ದು, ಜರ್ಮನಿಯಲ್ಲೇ ಹಳೆಯದು. ಊರ ಮಧ್ಯದಲ್ಲಿ, ಸುಮಾರು 33 ಹೆಕ್ಟೇರ್ ಜಾಗದಲ್ಲಿ ಪ್ರಾಣಿಗಳು ಒತ್ತೊತ್ತಾಗಿವೆ, ಹತ್ತು ಹೆಜ್ಜೆಗೊಂದು ಹೊಸ ಜೀವಿ. 1959ರಲ್ಲಿ ಬಂದ ಫಾಟೂ ಎಂಬ ಹೆಣ್ಣು ಗೊರಿಲ್ಲಾ ಇಲ್ಲಿಯದೇ, ಲೋಕದ ಅತಿ ಹಿರಿಯ ಗೊರಿಲ್ಲಾ ಅಂತ ಹೆಸರಾದವಳು. ಇನ್ನೊಂದು ಝೂ ಟೀರ್‌ಪಾರ್ಕ್, 1955ರಲ್ಲಿ ಪೂರ್ವ ಬರ್ಲಿನ್‌ನಲ್ಲಿ ಹುಟ್ಟಿತು. ಊರು ಇಬ್ಭಾಗವಾಗಿದ್ದ ಕಾಲ, ಆ ಕಡೆಯವರಿಗೆ ಅವರದೇ ಝೂ ಬೇಕಿತ್ತು. ಹಳೆಯ ಅರಮನೆಯ ತೋಟವನ್ನೇ ಕೊಟ್ಟರು, 160 ಹೆಕ್ಟೇರ್. ಒಂಟೆ, ಕಾಡೆಮ್ಮೆಗಳ ಹಿಂಡು ದೊಡ್ಡ ಹುಲ್ಲುಗಾವಲಿನಲ್ಲಿ ಓಡಾಡುವುದನ್ನು ನೋಡಬೇಕಾದರೆ ಇಲ್ಲಿಗೆ ಬರಬೇಕು. ಇವೆರಡರ ನಡುವೆ ಒಂದು ದಿನ ಖಾಲಿ ಬಿಡಿ, ಕಾಲಿಗೆ ವಿಶ್ರಾಂತಿ ಬೇಕೇ ಬೇಕು.

ಲೈಪ್‌ಜಿಗ್‌ಗೆ ಎರಡು ದಿನ ಕೊಡಿ. ಅಲ್ಲಿ 2011ರಲ್ಲಿ ತೆರೆದ ಗೊಂಡ್ವಾನಾಲಾಂಡ್ ಇದೆ. 16,500 ಚದರ ಮೀಟರಿನ ಒಂದೇ ಸೂರಿನ ಕೆಳಗೆ ಮಳೆಕಾಡು ಬೆಳೆಸಿದ್ದಾರೆ, ಒಳಗೆ ದೋಣಿಯಲ್ಲೂ ಹೋಗಬಹುದು, ಮರದ ತುದಿಯ ಎತ್ತರದ ದಾರಿಯಲ್ಲೂ ನಡೆಯಬಹುದು. ಹೊರಗೆ ಎಂಟು ಡಿಗ್ರಿ ಇದ್ದರೂ ಒಳಗೆ ಇಪ್ಪತ್ತೈದರ ಆಸುಪಾಸು, ಜೊತೆಗೆ ಹಸಿ ಹವೆ. ಕ್ಯಾಮೆರಾ ಲೆನ್ಸಿಗೂ ಕನ್ನಡಕಕ್ಕೂ ತಕ್ಷಣ ಮಂಜು ಕೂರುತ್ತದೆ. ಕ್ಯಾಮೆರಾವನ್ನು ಬ್ಯಾಗಿನಲ್ಲೇ ಇಟ್ಟು ಕಾಲು ಗಂಟೆ ಒಳಗಿನ ಶಾಖಕ್ಕೆ ಹೊಂದಿಕೊಳ್ಳಲು ಬಿಟ್ಟರೆ ಸರಿಹೋಗುತ್ತದೆ. ದಪ್ಪ ಕೋಟು ಹಾಕಿಕೊಂಡು ಒಳಗೆ ನಡೆಯುವುದು ಹಿರಿಯರಿಗೆ ಸುಸ್ತು, ಬಾಗಿಲಲ್ಲೇ ಬಿಚ್ಚಿಕೊಳ್ಳಲಿ. ಎರಡು ದಿನದಲ್ಲಿ ಮಳೆ ಬರುವ ದಿನವನ್ನು ಇದಕ್ಕೆ, ಬಿಸಿಲ ದಿನವನ್ನು ಪೊಂಗೋಲಾಂಡ್‌ಗೆ ಇಟ್ಟುಕೊಳ್ಳಿ.

ಮ್ಯೂನಿಕ್‌ನ ಹೆಲ್ಲಾಬ್ರುನ್ ಝೂ ಇಸಾರ್ ನದಿಯ ಪಕ್ಕ 40 ಹೆಕ್ಟೇರ್ ತೋಪಿನಲ್ಲಿದೆ. ಪ್ರಾಣಿಗಳನ್ನು ಜಾತಿಯ ಪ್ರಕಾರ ಸಾಲಾಗಿ ಇಡದೆ, ಅವು ಬಂದ ಭೂಖಂಡದ ಪ್ರಕಾರ ಇಡುವ ಪದ್ಧತಿಯನ್ನು 1928ರಲ್ಲಿ ಮೊದಲು ತಂದವರು ಇವರು. ಪ್ರವಾಸದ ಕೊನೆಗೆ ಬರಲು ಹಿತವಾದ ಜಾಗ.

ಈ ದಾರಿಯಲ್ಲಿ ಕಳೆದುಕೊಳ್ಳುವುದೂ ಇದೆ. ಹ್ಯಾಂಬರ್ಗ್‌ನ ಹಾಗೆನ್‌ಬೆಕ್ ತಪ್ಪುತ್ತದೆ. ಕಂಬಿಗಳಿಲ್ಲದೆ, ಕಂದಕ ಮಾತ್ರ ಅಡ್ಡವಿಟ್ಟು ಸಿಂಹವನ್ನು ತೋರಿಸಬಹುದು ಅಂತ 1907ರಲ್ಲಿ ಮಾಡಿ ತೋರಿಸಿದ ಜಾಗ ಅದು. ಜಗತ್ತಿನ ಝೂಗಳೆಲ್ಲ ಆಮೇಲೆ ಅದನ್ನೇ ಅನುಸರಿಸಿದವು. ಸ್ಟುಟ್‌ಗಾರ್ಟ್‌ನ ವಿಲ್ಹೆಲ್ಮಾ ತಪ್ಪುತ್ತದೆ, ರಾಜನ ತೋಟದಲ್ಲಿ ಪ್ರಾಣಿಯೂ ಗಿಡವೂ ಸೇರಿರುವ ಚಂದದ ಜಾಗ. ಆದರೆ ಅದು ಗುಡ್ಡದ ಇಳಿಜಾರಿನಲ್ಲಿದೆ, ಅತ್ತೆಯವರಿಗೆ ಕಷ್ಟ. ವಿಮಾನ ಫ್ರಾಂಕ್‌ಫರ್ಟ್‌ಗೇ ಸಿಕ್ಕಿದರೆ ಅಲ್ಲಿಯ ಝೂಗೆ ಅರ್ಧ ದಿನ ಕೊಡಬಹುದು. 1858ರದ್ದು, ಬರೀ 11 ಹೆಕ್ಟೇರ್. ಅಲ್ಲಿ ನಿಶಾಚರಿಗಳ ಮನೆಯೊಂದಿದೆ. ಹಗಲಲ್ಲಿ ಕತ್ತಲೆ, ರಾತ್ರಿ ಬೆಳಕು ಮಾಡಿ ಪ್ರಾಣಿಗಳ ದಿನವನ್ನೇ ತಿರುಗಿಸಿಟ್ಟಿದ್ದಾರೆ. ಆದರೆ ಅಲ್ಲಿಂದ ಬರ್ಲಿನ್‌ಗೆ ಐಸಿಇಯಲ್ಲಿ ನಾಲ್ಕು ಗಂಟೆ ಅನ್ನುವುದು ನೆನಪಿರಲಿ.

ಬೇರೆ ಆಯ್ಕೆ ಇಲ್ಲವೇ ಅಂದರೆ, ಇದೆ. ಝೂಗಳ ಸಂಖ್ಯೆಯೇ ಮುಖ್ಯ ಅನ್ನುವವರಿಗೆ ನಾನು ಹೇಳುವುದು ಕಲೋನ್‌ನಲ್ಲಿ ಒಂದೇ ಮನೆ ಹಿಡಿದು ಕೂರಿ ಅಂತ. ಕಲೋನ್, ಡ್ಯೂಸ್‌ಬರ್ಗ್, ಕ್ರೆಫೆಲ್ಡ್, ವುಪ್ಪರ್‌ಟಾಲ್, ಗೆಲ್ಸೆನ್‌ಕಿರ್ಷೆನ್ ಎಲ್ಲವೂ ಪ್ರಾದೇಶಿಕ ರೈಲಿನ ದೂರದಲ್ಲಿವೆ. ಆ 63 ಯೂರೋ ಪಾಸು ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ. ಕಲೋನ್‌ನಲ್ಲಿ 2004ರಿಂದ ಎರಡು ಹೆಕ್ಟೇರಿನ ಆನೆ ಪಾರ್ಕ್ ಇದೆ, ಆನೆಗಳು ಅಲ್ಲಿ ಹಿಂಡಾಗಿ, ಮರಿಗಳ ಸಮೇತ ಇರುತ್ತವೆ. ವುಪ್ಪರ್‌ಟಾಲ್ ಝೂಗೆ 1901ರಿಂದ ಓಡುತ್ತಿರುವ ನೇತಾಡುವ ರೈಲಿನಲ್ಲಿ ಹೋಗುವುದು. 1950ರಲ್ಲಿ ಪ್ರಚಾರಕ್ಕಾಗಿ ಸರ್ಕಸ್‌ನ ಟುಫ್ಫಿ ಎಂಬ ಮರಿಯಾನೆಯನ್ನು ಅದರಲ್ಲಿ ಹತ್ತಿಸಿದರು. ಅದು ಗಾಬರಿಯಾಗಿ ಗೋಡೆ ಒಡೆದು ಕೆಳಗಿನ ಹೊಳೆಗೆ ಹಾರಿತು, ಪುಣ್ಯಕ್ಕೆ ಉಳಿಯಿತು. ಈ ದಾರಿಯ ತೊಂದರೆ ಏನೆಂದರೆ ಪಾಂಡಾ ಇಲ್ಲ, ಲೈಪ್‌ಜಿಗ್ ಇಲ್ಲ, ವುಪ್ಪರ್‌ಟಾಲ್ ಝೂ ಏರುದಾರಿ.

ಕಾರು ಬಾಡಿಗೆಗೆ ತೆಗೆದುಕೊಳ್ಳೋಣವೇ ಅಂತ ಕೆಲವರು ಕೇಳುತ್ತಾರೆ. ವಾಲ್ಸ್‌ರೋಡೆಯ ದೊಡ್ಡ ಪಕ್ಷಿಧಾಮದಂಥ ಹಳ್ಳಿಗಾಡಿನ ಜಾಗಗಳಿಗೆ ಕಾರು ಅನುಕೂಲ. ನಿಮ್ಮ ಪಟ್ಟಿಯ ಝೂಗಳೆಲ್ಲ ಊರೊಳಗೆ, ಮೆಟ್ರೋ ಅಥವಾ ಟ್ರಾಮ್ ಪಕ್ಕದಲ್ಲೇ ಇವೆ. ಕಾರು ಬರೀ ಪಾರ್ಕಿಂಗ್ ತಲೆನೋವು. 12 ವರ್ಷದೊಳಗಿನ, 150 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ ಅನ್ನುವುದೂ ಇದೆ.

ತಾರೀಖಿನ ಬಗ್ಗೆ. ಸಾಧ್ಯವಾದರೆ ಮೇ 2ರ ನಂತರಕ್ಕೆ ತಳ್ಳಿ. ಮೇ 1 ಅಲ್ಲಿ ರಜೆ, ಅವತ್ತು ಬಿಸಿಲಿದ್ದರೆ ಊರಿಗೆ ಊರೇ ಝೂನಲ್ಲಿರುತ್ತದೆ. ಈಸ್ಟರ್ ಆದ 39ನೇ ದಿನ ಬರುವ ಗುರುವಾರವೂ ರಜೆ, ಕ್ಯಾಲೆಂಡರ್ ನೋಡಿಕೊಳ್ಳಿ. ಪಾಸು ತೆಗೆದುಕೊಳ್ಳುವುದಾದರೂ ಒಂದೇ ತಿಂಗಳಿಗೆ ಸಾಕಾಗುತ್ತದೆ. ಡಿಸೆಂಬರ್‌ಗೆ ಮಾತ್ರ ಹೋಗಬೇಡಿ. ನಾಲ್ಕು ಗಂಟೆಗೆ ಕತ್ತಲಾಗುತ್ತದೆ, ಬಿಸಿ ನಾಡಿನ ಪ್ರಾಣಿಗಳು ಒಳಗೇ ಇರುತ್ತವೆ, ಹಕ್ಕಿಜ್ವರ ಬಂದರೆ ಪಕ್ಷಿಮನೆಗಳನ್ನು ಮುಚ್ಚಿಬಿಡುತ್ತಾರೆ.

ಕಾಯಿಲೆಯ ವಿಷಯ ಬಂದಿದ್ದರಿಂದ ಇದನ್ನೂ ಹೇಳಬೇಕು. 2025ರ ಜನವರಿಯಲ್ಲಿ ಬರ್ಲಿನ್ ಪಕ್ಕದ ಹಳ್ಳಿಯೊಂದರ ಎಮ್ಮೆಗಳಲ್ಲಿ ಕಾಲುಬಾಯಿ ರೋಗ ಕಾಣಿಸಿತು. ಜರ್ಮನಿಯಲ್ಲಿ 1988ರ ನಂತರ ಅದೇ ಮೊದಲು. ತಕ್ಷಣ ಬರ್ಲಿನ್ನಿನ ಎರಡೂ ಝೂಗಳನ್ನು ಕೆಲವು ದಿನ ಮುಚ್ಚಿದರು. ಇಂಥದ್ದು ಅಪರೂಪ, ಆದರೆ ದಿನಕ್ಕೊಂದು ಝೂ ಅಂತ ಪೋಣಿಸಿಟ್ಟವರಿಗೆ ಇಡೀ ಯೋಜನೆ ಕುಸಿಯುತ್ತದೆ. ಒಂದೆರಡು ದಿನ ಖಾಲಿ ಇಟ್ಟವರು ಸುಧಾರಿಸಿಕೊಳ್ಳುತ್ತಾರೆ. ಹಾಲು, ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಐರೋಪ್ಯ ಒಕ್ಕೂಟಕ್ಕೆ ಸಾಮಾನ್ಯವಾಗಿ ಒಯ್ಯುವಂತಿಲ್ಲ ಅನ್ನುವ ನಿಯಮ ಇರುವುದೂ ಇಂಥ ರೋಗಗಳ ಭಯಕ್ಕೇ. ಸೂಟ್‌ಕೇಸ್ ತುಂಬುವಾಗ ದಯವಿಟ್ಟು ಇದನ್ನು ಗಮನಿಸಿ. ಯಾರೋ ಒಯ್ದ ಒಂದು ಪೊಟ್ಟಣದಿಂದ ಸಾವಿರಾರು ದನಕರುಗಳು ಸಾಯುವ ಸಾಧ್ಯತೆ ನಿಜವಾಗಿಯೂ ಇದೆ.

ಅತ್ತೆಯವರಿಗಾಗಿ ಮೂರು ಕೆಲಸ ಮಾಡಿ. ದೊಡ್ಡ ಝೂಗಳಲ್ಲಿ ಗಾಲಿಕುರ್ಚಿ ಸಿಗುತ್ತದೆ, ಸಂಖ್ಯೆ ಕಡಿಮೆ, ಮೊದಲೇ ಬರೆದು ಕೇಳಿ. "ನನಗೆ ಅದೆಲ್ಲ ಬೇಡ, ನಾನು ನಡೀತೀನಿ" ಅಂತ ಅವರು ಹೇಳಬಹುದು, ಟೀರ್‌ಪಾರ್ಕ್‌ನ ಅರ್ಧ ದಾರಿಯಲ್ಲಿ ಅದು ಬೇಕೆನಿಸುತ್ತದೆ. ಎರಡನೆಯದು, ಐಸಿಇ ಹತ್ತಿಳಿಯಲು ಸಹಾಯ ಬೇಕಾದರೆ ಡಾಯ್ಚ ಬಾನ್ ಉಚಿತವಾಗಿ ಸಿಬ್ಬಂದಿ ಕೊಡುತ್ತದೆ, ಹಿಂದಿನ ದಿನವೇ ತಿಳಿಸಬೇಕು. ಸೀಟು ಕಾಯ್ದಿರಿಸುವುದು ಅಲ್ಲಿ ಕಡ್ಡಾಯವಲ್ಲ, ಬೇರೆ ದುಡ್ಡು ಕೊಡಬೇಕು, ಆದರೂ ಕಾಯ್ದಿರಿಸಿ. ಮೂರನೆಯದು, ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಹೋಗಿ, ಮಧ್ಯಾಹ್ನ ಒಬ್ಬರು ಅತ್ತೆಯವರ ಜೊತೆ ರೂಮಿಗೆ ಬರುವುದು ಅಂತ ಮನೆಯಲ್ಲೇ ಮಾತಾಡಿ ಇಟ್ಟುಕೊಳ್ಳಿ. ಅದಕ್ಕೇ ರೂಮು ಝೂ ಹತ್ತಿರ ಇರಲಿ, ಅಗ್ಗ ಅಂತ ಊರಾಚೆ ಹಿಡಿಯಬೇಡಿ.

ಈಗ ನಿಮ್ಮ ತಮ್ಮನ ಮಾತು.

ಅವರ ಮಾತಿನಲ್ಲಿ ಸತ್ಯವಿದೆ. ಕಂಬಿಯಿಲ್ಲದ ಝೂ ಕಟ್ಟಿದ ಅದೇ ಕಾರ್ಲ್ ಹಾಗೆನ್‌ಬೆಕ್ ಬೇರೆ ದೇಶಗಳಿಂದ ಮನುಷ್ಯರನ್ನು ತಂದು ಪ್ರದರ್ಶನಕ್ಕಿಟ್ಟವನು. ಇದು ಹಳೆಯ ಮಾತು ಅಂದರೆ, ಹೊಸದೂ ಇದೆ. 2025ರ ಜುಲೈನಲ್ಲಿ ನ್ಯೂರೆಂಬರ್ಗ್ ಝೂ 12 ಗಿನಿ ಬಬೂನ್ ಕೋತಿಗಳನ್ನು ಕೊಂದಿತು. ಗುಂಪು ಬೆಳೆದು ಜಾಗ ಸಾಲದಾಯಿತು, ಕಾದಾಟ ಜಾಸ್ತಿಯಾಯಿತು, ತೆಗೆದುಕೊಳ್ಳಲು ಬೇರೆ ಝೂ ಸಿಗಲಿಲ್ಲ ಅಂತ ಅವರು ಕಾರಣ ಕೊಟ್ಟರು. ಪ್ರತಿಭಟನೆಯಾಯಿತು, ದೂರುಗಳೂ ದಾಖಲಾದವು. ಜಾಗ ಸಾಲದಾಗುವವರೆಗೆ ಮರಿ ಮಾಡಲು ಬಿಟ್ಟು ಆಮೇಲೆ ಕೊಲ್ಲುವುದನ್ನು ನಾನಂತೂ ಒಪ್ಪುವುದಿಲ್ಲ.

ಆದರೆ ಪೂರ್ತಿ ಸತ್ಯ ಇಷ್ಟೇ ಅಲ್ಲ. ಯೂರೋಪಿನ ಕಾಡೆಮ್ಮೆ ವಿಸೆಂಟ್ 1927ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು, 1923ರಲ್ಲಿ ಬರ್ಲಿನ್ ಝೂನಲ್ಲಿ ಸೇರಿದ ಕೆಲವರು ಝೂಗಳಲ್ಲಿ ಉಳಿದ ಒಂದೊಂದನ್ನೂ ಲೆಕ್ಕಹಾಕಿ ಉಳಿಸಲು ಸಂಘ ಕಟ್ಟಿದರು. ಇವತ್ತು ಕಾಡಿನಲ್ಲಿರುವ ವಿಸೆಂಟ್‌ಗಳೆಲ್ಲ ಆ ಉಳಿದವುಗಳ ಸಂತಾನ. 2019ರಿಂದ ಟೀರ್‌ಪಾರ್ಕ್‌ನವರು ಅವನ್ನು ಅಜರ್‌ಬೈಜಾನ್‌ನ ಕಾಡಿಗೆ ಕಳಿಸುವ ಕೆಲಸದಲ್ಲಿ ಕೈಜೋಡಿಸಿದ್ದಾರೆ. 2024ರ ಜೂನ್‌ನಲ್ಲಿ ಬರ್ಲಿನ್ ಮತ್ತು ಪ್ರಾಗ್ ಝೂಗಳ ಪ್ರ್ಶೆವಾಲ್‌ಸ್ಕಿ ಕಾಡುಕುದುರೆಗಳು ಕಜಾಕಿಸ್ತಾನದ ಹುಲ್ಲುಗಾಡಿಗೆ ಹೋದವು. ಝೂಗಳು ಇಲ್ಲದಿದ್ದರೆ ಆ ಕುದುರೆಯ ಹೆಸರು ಮಾತ್ರ ಉಳಿಯುತ್ತಿತ್ತು. ಝೂ ಅಂದರೆ ಜೈಲೋ ಅಲ್ಲವೋ ಅಂತ ಒಟ್ಟಾರೆಯಾಗಿ ತೀರ್ಪು ಕೊಡಲು ನನಗೆ ಬರುವುದಿಲ್ಲ. ಒಂದೊಂದು ಝೂ, ಅದರೊಳಗೆ ಒಂದೊಂದು ಪ್ರಾಣಿಯ ಜಾಗ, ಹೀಗೆ ನೋಡಬೇಕು.

ಹೇಗೆ ನೋಡುವುದು ಅಂದರೆ, ಪ್ರಾಣಿಗೆ ಜನರ ಕಣ್ಣಿಂದ ಮರೆಯಾಗಲು ಜಾಗ ಇದೆಯಾ ಅಂತ ಮೊದಲು ನೋಡಿ. ಮಗಳು ಹತ್ತು ನಿಮಿಷ ಹುಡುಕಿದರೂ ಚಿರತೆ ಕಾಣಲಿಲ್ಲ ಅಂದರೆ ಅದು ಒಳ್ಳೆಯ ಲಕ್ಷಣ. ಹಿಂಡಿನ ಪ್ರಾಣಿ ಹಿಂಡಿನಲ್ಲಿದೆಯಾ, ಹತ್ತುವ ಪ್ರಾಣಿಗೆ ಎತ್ತರ ಇದೆಯಾ, ಅಗೆಯುವ ಪ್ರಾಣಿಗೆ ಮಣ್ಣು ಇದೆಯಾ ನೋಡಿ. ಒಂದೇ ಗೆರೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಲೇ ಇದ್ದರೆ ಗಮನಿಸಿ. ಬೇಸರ, ಮಾಡಲು ಕೆಲಸವಿಲ್ಲದಿರುವುದು ಒಂದು ಕಾರಣ. ಕೆಲವೊಮ್ಮೆ ಊಟದ ಹೊತ್ತು ಹತ್ತಿರ ಬಂದಾಗ ಮಾತ್ರ ಹಾಗೆ ಮಾಡುತ್ತವೆ. ಹಿಂದೆ ಸರ್ಕಸ್ಸಿನಲ್ಲೋ ಇಕ್ಕಟ್ಟಾದ ಬೋನಿನಲ್ಲೋ ಇದ್ದ ಪ್ರಾಣಿಗೆ ಒಳ್ಳೆಯ ಜಾಗ ಸಿಕ್ಕ ಮೇಲೂ ಆ ಅಭ್ಯಾಸ ಬಿಡುವುದಿಲ್ಲ. ಆದ್ದರಿಂದ ಒಂದು ನೋಟಕ್ಕೆ ತೀರ್ಮಾನ ಮಾಡದೆ ಪಾಲಕರನ್ನು ಕೇಳಿ. ಜರ್ಮನ್ ಬಾರದಿದ್ದರೂ ಇಂಗ್ಲಿಷಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಬಿಡಿಸಿ ಹೇಳುತ್ತಾರೆ.

ಮಗಳಿಗೆ ಬಬೂನ್‌ಗಳ ವಿಷಯವನ್ನೂ ಹೇಳಿ, ವಿಸೆಂಟ್ ಕಥೆಯನ್ನೂ ಹೇಳಿ. ಒಂಬತ್ತು ವರ್ಷಕ್ಕೆ ಎರಡನ್ನೂ ತೂಗುವಷ್ಟು ಬುದ್ಧಿ ಇರುತ್ತದೆ. ಸಿಂಹಕ್ಕೆ ಇಡೀ ಮೊಲವನ್ನೋ ಕರುವಿನ ಕಾಲನ್ನೋ ಹಾಕುವುದು ಅಲ್ಲಿ ಕಣ್ಣಿಗೆ ಬೀಳಬಹುದು ಅಂತಲೂ ಮೊದಲೇ ತಿಳಿಸಿ.

ಬುಕಿಂಗ್ ಕ್ರಮ ಹೀಗಿರಲಿ. ಜರ್ಮನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ದೊಡ್ಡವರಿಗೆ ಶುಲ್ಕ 90 ಯೂರೋ, ಜೊತೆಗೆ 30,000 ಯೂರೋದ ವೈದ್ಯಕೀಯ ವಿಮೆ ಬೇಕು. 68ರ ವಯಸ್ಸಿಗೆ ವಿಮೆ ತೆಗೆಯುವಾಗ ಮೊದಲೇ ಇರುವ ಕಾಯಿಲೆಗಳ ಷರತ್ತು ಓದಿ ಸಹಿ ಹಾಕಿ. ಹೋಟೆಲ್ ರದ್ದು ಮಾಡಬಹುದಾದದ್ದನ್ನೇ ಹಿಡಿಯಿರಿ. ವೀಸಾ ಕೈಗೆ ಬಂದ ಮೇಲೆ ಐಸಿಇ ಟಿಕೆಟ್. ಅದರಲ್ಲಿ ಸೂಪರ್ ಸ್ಪಾರ್‌ಪ್ರೈಸ್ ಅನ್ನುವುದು ಎಲ್ಲಕ್ಕಿಂತ ಅಗ್ಗ, ಆದರೆ ರದ್ದು ಮಾಡಿದರೆ ದುಡ್ಡು ವಾಪಸ್ ಇಲ್ಲ, ಆ ರೈಲಿಗೇ ಹೋಗಬೇಕು. ರೈಲೇ 20 ನಿಮಿಷಕ್ಕಿಂತ ತಡವಾಗುವುದಿದ್ದರೆ ಮಾತ್ರ ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾಗಿ ಊರು ಸೇರಿದರೆ ಟಿಕೆಟ್ಟಿನ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ದುಡ್ಡು ಕೇಳಿ ಪಡೆಯಬಹುದು. ಝೂ ಟಿಕೆಟ್ ಕೊನೆಗೆ, ಹಿಂದಿನ ರಾತ್ರಿ ಹವಾಮಾನ ನೋಡಿ ಆನ್‌ಲೈನ್‌ನಲ್ಲಿ ತೆಗೆದುಕೊಂಡರೆ ಸಾಕು. ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಮುಂದೆ ಇರಿ.